ಜೀಪಿನ ಮುಂದಿನ ಸೀಟು

"ಎಲ್ಲಿಗೆ ಹೊರಟಿರಿ?"

ಕಳೆದ ವಾರ ಈ ಒಂದು ಪ್ರಶ್ನೆಯನ್ನು ನುಂಗಿಕೊಂಡೆ. ಇನ್ನೂ ಅರಗಿಲ್ಲ.

ನುಂಗಿದ್ದು ಲಿಂಗಸುಗೂರಿನಲ್ಲಿ, ನನ್ನ ಷಡ್ಡಕ ಶರಣಪ್ಪನ ಅಂಗಳದಲ್ಲಿ. (ನನ್ನ ಹೆಂಡತಿ ಗಂಗಮ್ಮನ ಅಕ್ಕನ ಗಂಡ. ಮಿಲಿಟರಿಯವರು ಬೇಡವೆಂದು ಮಾರಿದ ಹಳೆಯ ಜೀಪೊಂದನ್ನು ಕೊಂಡಂದಿನಿಂದ ಅವನ ಕಾಲು ನೆಲಕ್ಕೆ ತಾಗುತ್ತಿಲ್ಲ.) ಶೇಂಗಾ ವ್ಯಾಪಾರಕ್ಕೆ ಹೋದವನು ಅವನ ಮನೆಗೂ ಇಣುಕಿದೆ. ಆಸಾಮಿ ಜೀಪನ್ನು ಎಮ್ಮೆ ಮೈ ತೊಳೆದಂತೆ ತೊಳೆಯುತ್ತಿದ್ದ. ಕಟ್ಟೆಯ ಮೇಲೆ ಖಡಕ್ ರೊಟ್ಟಿಯ ಗಂಟು. ಎಂಥ ಗಂಟು? ಒಂದು ದಿಬ್ಬಣಕ್ಕೆ ಸಾಕು!

ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ರಿವಾಜು. ಹೊಟ್ಟೆಯಲ್ಲಿ ಎಷ್ಟೇ ಉರಿಯಿದ್ದರೂ ನಾನು ರಿವಾಜು ಬಿಡುವವನಲ್ಲ.

"ದೂರ ಹೊಂಟೀರೇನಣ್ಣ?" ಎಂದೆ.

"ಹೂಂ ತಮ್ಮಾ, ನಾಳಿ ಹೊಂಟೀವಿ. ಜರಾ ದೂರನ ಅದ," ಎಂದು ನಕ್ಕ. "ನೀ ನಾಳಿ ಮುಂಜಾನಿ ಮನ್ಯಾಗ ಇರ್ತಿಯಲ್ಲ?"

ಯಾಕೆ? ಮಸ್ಕಿಯಲ್ಲಿ ನನ್ನ ಮನೆ ಮುಂದೆ ಹಾರ್ನ್ ಹೊಡೆದು ಧೂಳೆಬ್ಬಿಸಿ ಹೋಗಲಿಕ್ಕೆ?

"ಇಲ್ಲಣ್ಣ. ಸಿಂಧನೂರಾಗ ನನಗ ದೊಡ್ಡ ಕೆಲಸ ಅದ," ಎಂದುಬಿಟ್ಟೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ದಿನದ ದಾರಿಗೆ ಮೆತ್ತನೆಯ ರೊಟ್ಟಿ, ಮೊಸರನ್ನ ಸಾಕು. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಅದೂ ಅಷ್ಟೊಂದು? ಹಾಗಿದ್ದರೆ ಮೈಸೂರೇ. ಬೃಂದಾವನ ತೋಟ, ಬಣ್ಣಬಣ್ಣದ ಕಾರಂಜಿ! ಸರಕಿನ ಚೀಲ ನೋಡಿಯೇ ತೂಕ ಹೇಳುವ ನನಗೆ ರೊಟ್ಟಿಯ ಗಂಟು ನೋಡಿ ಊರು ಹೇಳಲು ಬಾರದೇ?

ನನ್ನ ಸಂಕಟ ನಿಮಗೆ ತಿಳಿಯಬೇಕು. ತುಂಗಭದ್ರೆಯ ಡ್ಯಾಮಿನಲ್ಲಿ ನೀರು ನಿಂತಾಗಿನಿಂದ ಗಂಗಮ್ಮನದು ಒಂದೇ ಮಾತು: "ಗುಡ್ಡದಿಂದ ಗುಡ್ಡಕ್ಕ ನೀರ ನಿಂತದಂತ್ರೀ. ಬಾಜೂಕ ತ್ವಾಟಾನೂ ಬೆಳಸಾಕತ್ತಾರಂತ." ಮಸ್ಕಿಯ ಹಳ್ಳಕ್ಕೆ ನೆರೆ ಬಂದಾಗ ಕಂಡದ್ದೇ ಅವಳು ಕಂಡ ದೊಡ್ಡ ನೀರು. "ನಾನೇ ತೋರಿಸ್ತೀನಿ, ತಡಿ" ಎಂದು ನಾನೂ ಹೇಳುತ್ತಲೇ ಬಂದಿದ್ದೆ. ಈಗ ಅವಳ ಅಕ್ಕ ಮೈಸೂರು ನೋಡಿ ಬಂದು ಜಂಬ ಕೊಚ್ಚಿದ ಮೇಲೆ ನಾನು ಡ್ಯಾಮು ತೋರಿಸಿದರೆ ಅದಕ್ಕೇನು ಬೆಲೆ?

ಮನೆಗೆ ಬಂದವನೇ ಹೇಳಿದೆ: "ನಾಳಿ ಮುಂಜಾನಿ ಹೊಸ ಸೀರಿ ಉಟ್ಕೊಂಡು ರೆಡಿ ಇರು. ಗಾಡಿ ಬರ್ತದ."

"ಯಾವ ಗಾಡಿರೀ? ಯಾಕ?"

"ಬಂದ ಮ್ಯಾಲ ಗೊತ್ತಾಗ್ತದ. ಸುಮ್ನ ಹತ್ತು." ಗಂಡಸಾದವನು ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಮಜಾ ಎಲ್ಲಿ?

ಮರುದಿನ ಮೊದಲ ಬಸ್ಸಿಗೆ ಸಿಂಧನೂರು. ಬಾಡಿಗೆ ಮೋಟಾರು ಗೊತ್ತು ಮಾಡುವವರಿಗೆ ನನ್ನದೊಂದು ಸಲಹೆ. ನೇರ ಡ್ರೈವರನ ಹತ್ತಿರ ಹೋಗಬೇಡಿ. ಮೊದಲು ಟೈರಿಗೆ ಒದೆಯಿರಿ. ಮುಖ ಸಿಂಡರಿಸಿ. ಎರಡು ಹೆಜ್ಜೆ ವಾಪಸ್ ನಡೆಯಿರಿ. ಅವನೇ ಕೂಗುತ್ತಾನೆ. ಹೆಂಡತಿಗೆ ಊರು ನೋಡುವ ಆಸೆಯಿದೆ ಎಂದು ಮಾತ್ರ ಬಾಯಿಬಿಡಬೇಡಿ, ದರ ಏರುತ್ತದೆ. ಹೀಗೇ ಖಾಸಿಂ ಎಂಬ ಡ್ರೈವರನನ್ನು ಹಣ್ಣು ಮಾಡಿದೆ. ಪ್ಲಾನ್ ಪಕ್ಕಾ: ಗಂಗಾವತಿ ಮೇಲೆ ಪಂಪಾ ಸರೋವರ, ಆಮೇಲೆ ಡ್ಯಾಮು, ತೋಟ, ಸಂಜೆ ನೀರಿನ ದಂಡೆಯಲ್ಲಿ ಫಳಾರ.

ಮೋಟಾರಿನಲ್ಲಿ ದೊರೆಯಂತೆ ಮಸ್ಕಿಗೆ ಹೊರಟೆ. ಅರ್ಧ ದಾರಿಯಲ್ಲಿ ಎದುರಿಗೆ ಧೂಳು. ಧೂಳಿನೊಳಗೆ ಅದೇ ಜೀಪು.

ಹಾರ್ನ್ ಹೊಡೆದ. ಮತ್ತೆ ಹೊಡೆದ. ಯಾರದೋ ಕೈ ಹೊರಗೆ ಬಂದು ಬೀಸತೊಡಗಿತು. ಎಷ್ಟು ಸೊಕ್ಕು ನೋಡಿ! ನಾನು ಟವೆಲ್ಲನ್ನು ಮುಖಕ್ಕೆ ಅಡ್ಡ ಹಿಡಿದು, "ನಿಲ್ಸಬ್ಯಾಡ, ಹೊಡಿ" ಎಂದೆ.

ಮನೆಗೆ ಬೀಗ.

ಪಕ್ಕದ ಮನೆಯ ಈರಮ್ಮ ಮೊರದಲ್ಲಿ ಜೋಳ ಕೇರುತ್ತಿದ್ದಳು. "ಏನ್ರೀ ಶೆಟ್ರ, ನೀವಿಲ್ಲೇ ಅದೀರಿ? ನೀವು ಕಳಿಸಿದ ಗಾಡಿ ಬಂತಲ್ಲ?"

"ನಾ ಕಳಿಸಿದ್ದು?"

"ಹೂಂ ಮತ್ತ. ಗಾಡಿ ಬಂದ್ರ ಹತ್ತು ಅಂತ ನೀವ ಹೇಳಿದ್ರಂತ? ಲಿಂಗಸುಗೂರಿಂದ ಗಂಗಮ್ಮನ ಅಕ್ಕ, ಭಾವ ಜೀಪ್ ತಂದಿದ್ರು. ಎರಡೂ ಮನಿಯವರ ಬುತ್ತಿ ನಾವ ಕಟ್ಟೀವಿ ಅಂದ್ರು. ನಿಮ್ಮನ್ನ ಸಿಂಧನೂರಾಗ ಹತ್ತಿಸ್ಕೊಂತೀವಿ ಅಂತ ಮುಂದಿನ ಸೀಟು ಖಾಲಿ ಬಿಟ್ಟಿದ್ರಪಾ."

ಎರಡೂ ಮನೆಯ ಬುತ್ತಿ. ಗಂಟು ದೊಡ್ಡದಿದ್ದದ್ದು ಊರು ದೂರವಿತ್ತೆಂದಲ್ಲ; ಬಾಯಿ ಹೆಚ್ಚಿದ್ದವೆಂದು. ಆದರೆ ಆಗ ನನ್ನ ತಲೆಯಲ್ಲಿ ಇನ್ನೂ ಮೈಸೂರೇ.

"ಯಾವ ಊರಿಗಂತ?"

ಈರಮ್ಮ ಕೇರುವುದನ್ನು ನಿಲ್ಲಿಸಿದಳು. "ಅಯ್ಯ, ಹೊಂಟವ್ರನ್ನ ಹಂಗ ಕೇಳ್ತಾರೇನ್ರೀ? ಅಷ್ಟೂ ತಿಳೀವಲ್ದೇನು ನನಗ?"

ಖಾಸಿಂ ಬೀಡಿ ಎಸೆದು ಕೇಳಿದ: "ಸೇಟ್‌ಜೀ, ಈಗ ಎಲ್ಲಿಗಿ?"

ಲೋಕದಲ್ಲಿ ಈ ಪ್ರಶ್ನೆಯನ್ನು ಕೇಳಿದವನು ಇವನೊಬ್ಬನೇ. ಸಿಂಧನೂರಿನ ಬಸ್ ನಿಲ್ದಾಣಕ್ಕೆ ಓಡಿಸಿದೆ. ಜೀಪು ಬಹಳ ಹೊತ್ತು ಕಾದು ಹೋಯಿತೆಂದರು. ಮೈಸೂರಿನವರೆಗೆ ಬೆನ್ನು ಹತ್ತುವುದೇ? ಮೋಟಾರು ಬಿಟ್ಟು ಮಸ್ಕಿಯ ಬಸ್ಸು ಹತ್ತಿದೆ.

ಮರುದಿನ ಸಂಜೆ ಗಂಗಮ್ಮ ಬಂದಳು. ಅವರು ಹೋದದ್ದು ಮೈಸೂರಿಗಲ್ಲ. ಡ್ಯಾಮಿಗೆ.

ಮೊದಲು ಬೈದಳು: "ಅಷ್ಟು ಕೈ ಬೀಸಿದೆ, ಹುಚ್ಚರಂಗ ಮಾರಿ ಮುಚ್ಕೊಂಡು ಹೋದ್ರಲ್ರೀ!" ಆಮೇಲೆ ಕೈಯಗಲಿಸಿ ನೀರು ತೋರಿಸಿದಳು. ಕೈ ಸಾಲಲಿಲ್ಲ. "ಆಚಿ ದಂಡಿ ಕಾಣೋದಿಲ್ರೀ. ನೋಡಿ ಕಣ್ಣಾಗ ನೀರ ಬಂತು. ನೀವಿರಬೇಕಿತ್ತು." ಸೀರೆಯ ಧೂಳು ಕೊಡವುತ್ತ, "ನಿಮ್ಮ ಸೀಟಿನಾಗ ಯಾರನ್ನೂ ಕೂಡಿಸಗೊಡಲಿಲ್ಲ ನಾ. ರೊಟ್ಟಿ ಗಂಟು ಇಟ್ಟಿದ್ದೆ" ಎಂದಳು.

ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಎನ್ನಿ. ಆದರೆ ನೀವೇ ಹೇಳಿ, ನನ್ನ ಸೀಟಿನಲ್ಲಿ ಕೂತು, ನನ್ನ ಹೆಂಡತಿ ಮೊದಲ ಸಲ ದೊಡ್ಡ ನೀರು ಕಂಡ ಹೊತ್ತಿನಲ್ಲಿ ಅವಳ ಜೊತೆಗಿದ್ದು ಬಂದ ಆ ರೊಟ್ಟಿ ಗಂಟಿನ ಮೇಲಿನದು ಆರುವುದು ಯಾವಾಗ?