ಕೊನೆಯ ಮರದ ಕೂಗು

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನನ್ನನ್ನು ತರೀಕೆರೆ ಮತ್ತು ಅಜ್ಜಂಪುರದ ನಡುವಿನ ಒಂದು ಬೀಟಿಗೆ ಹಾಕಿದರು. ಬೀಟ್ ಎಂದರೆ ಒಬ್ಬ ಫಾರೆಸ್ಟ್ ಗಾರ್ಡ್ ಕಾಯಬೇಕಾದ ಕಾಡಿನ ಪಾಲು. ನನ್ನವಳು ತೀರಿಕೊಂಡ ಮರುವರ್ಷ ಅದು. ಕ್ವಾರ್ಟರ್ಸಿನಲ್ಲಿ ಅನ್ನ ಬೇಯಿಸಿಕೊಂಡು, ವಾಕಿಟಾಕಿಯ ಗೊರಗೊರ ಸದ್ದನ್ನೇ ಮಾತು ಎಂದುಕೊಂಡು ಇದ್ದೆ. ಒಂಟಿತನ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಡಿನಂಚಿನ ಹಟ್ಟಿಯಲ್ಲಿ ಜಮೀನಿಲ್ಲದವರೇ ಹೆಚ್ಚು. ಬೇಸಿಗೆಯಲ್ಲಿ ಹೊಲದ ಕೂಲಿ ನಿಂತಾಗ ಅವರ ಒಲೆ ಉರಿಯುತ್ತಿದ್ದದ್ದು ಅಂಟುವಾಳದ ಕಾಯಿಯಿಂದ. ಇಲಾಖೆಯ ಭಾಷೆಯಲ್ಲಿ ಇದು ಕಿರು ಅರಣ್ಯ ಉತ್ಪನ್ನ, ಅಂದರೆ ಮರ ಕಡಿಯದೆ ಕಾಡಿನಿಂದ ತರುವಂಥದ್ದು. ಒಣಗಿಸಿ ಅಜ್ಜಂಪುರದ ಸಂತೆಗೆ ಒಯ್ದರೆ ಅಕ್ಕಿ, ಎಣ್ಣೆ, ಮಕ್ಕಳ ಬಟ್ಟೆ ಎಲ್ಲ ಅದರಲ್ಲೇ. ಯಾವ ಮರ ಯಾವ ಮನೆಗೆ ಎಂಬುದು ಅತ್ತೆಯಿಂದ ಸೊಸೆಗೆ ಬಂದ ಕಟ್ಟಳೆ. ಒಬ್ಬರ ಮರದಡಿಯ ಕಾಯಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಮರಗಳು ದೂರ ದೂರ. ಬಗ್ಗಿ ಕಾಯಿ ಆರಿಸುವವರಿಗೆ ಕರಡಿ ಬಂದದ್ದು ಕಾಣುವುದಿಲ್ಲ. ಅದಕ್ಕೇ ಅವರು ಕೂಗು ಇಟ್ಟುಕೊಂಡಿದ್ದರು. ಕೆಳಗಿನ ಮರದವಳು "ಓ" ಅಂದರೆ ಮೇಲಿನವಳು "ಓ" ಅನ್ನಬೇಕು, ಹೀಗೆ ಗುಡ್ಡದ ಕೊನೆಯ ಮರದವರೆಗೆ. ಯಾರಾದರೂ ಓಗೊಡದಿದ್ದರೆ ಎಲ್ಲರೂ ಕೈಲಿದ್ದದ್ದು ಬಿಟ್ಟು ಅತ್ತ ಓಡುತ್ತಿದ್ದರು. ಕೊನೆಯ ಮರ ಸಿದ್ದಮ್ಮನದು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಮರ ಮತ್ತು ಕಂಚಿನ ಕಂಠ.

ಕಾಯಿ ಉದುರಲು ಶುರುವಾದ ವಾರವೇ ಬೀಸಿದ ಗಾಳಿಗೆ ಸಿದ್ದಮ್ಮನ ಮರ ಬುಡಸಮೇತ ಉರುಳಿತು. ಬೇರೆಯವರ ಮರದಡಿ ಒಂದಿಷ್ಟು ಆರಿಸಿಕೊಳ್ಳಮ್ಮ ಅಂದೆ.

"ಇನ್ನೊಬ್ರ ಅನ್ನಕ್ಕೆ ಕೈ ಹಾಕಕ್ಕಾಯ್ತದಾ ಸ್ವಾಮಿ?" ಅಂದಳು.

ಹಟ್ಟಿ ಬಿಟ್ಟು ಎಲ್ಲಾದರೂ ಹೋಗುವ ಮಾತಾಡುತ್ತಿದ್ದಳು. ನಾನು ರೇಂಜರ್ ಸಾಹೇಬರಿಗೆ ಹೇಳಿ ತರೀಕೆರೆ ರಸ್ತೆಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸ ಕೊಡಿಸಿದೆ. ದಿನಗೂಲಿ, ನೆರಳು, ಇನ್ನೇನು ಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ತೊಟ್ಟಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಕೂಲಿ ಸಿಗುತ್ತಿಲ್ಲವೇ ಎಂದೆ.

"ಸಿಗ್ತದೆ. ಬೆಳಗಾದ್ರೆ ಬಾಯಿಗೆ ಬತ್ತದೆ ಸ್ವಾಮಿ, ಓ ಅಂತ. ಇಲ್ಲಿ ಯಾರಿಗೆ ಕೂಗ್ಲಿ? ಸಸಿಗಳಿಗಾ?"

ನಗು ಬರಬೇಕಿತ್ತು, ಬರಲಿಲ್ಲ. ನನ್ನ ಖಾಲಿ ಕ್ವಾರ್ಟರ್ಸ್ ನೆನಪಾಯಿತು.

ಮರುದಿನ ಬೀಟಿನಲ್ಲಿ ಕಿವಿಗೊಟ್ಟೆ. ಕೂಗು ಮರದಿಂದ ಮರಕ್ಕೆ ಮೇಲೇರಿತು, ಸಿದ್ದಮ್ಮನ ಸರದಿ ಬಂತು, ನಿಂತಿತು. ಯಾರೂ ಓಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಳಗಿನಿಂದ ಶುರುವಾಯಿತು. ಕೆಳಗಿನ ಮರದ ರಂಗಕ್ಕ ಅವರಲ್ಲಿ ಹಿರಿಯಳು. ಯಾಕೆ ಸುಮ್ಮನಾಗುತ್ತೀರಿ ಎಂದು ಕೇಳಿದೆ.

"ಅದು ಸಿದ್ದಿ ಜಾಗ ಕಣಣ್ಣ. ಅವ್ಳು ಕೂಗೋವಷ್ಟು ಹೊತ್ತು ಬಿಡ್ತೀವಿ."

"ಹಂಗಿದ್ರೆ ಕರೀಬಾರದಾ?"

"ಸುಮ್ನೆ ಕರೆದ್ರೆ ದಾನ ಅಂದ್ಕತಾಳೆ. ಕೆಲ್ಸ ಅಂದ್ರೆ ಬತ್ತಾಳೆ. ನಾವು ನೀರಿಗೆ, ಕೂಸಿಗೆ ಅಂತ ಹೋದ್ರೆ ಆರ್ಸಿದ ಕಾಯೆಲ್ಲ ಮಂಗ ಚೆಲ್ಲಾಡ್ತವೆ. ಅವ್ಳು ಕಾವಲು ತಿರುಗ್ಲಿ, ಮನೆಗೊಂದು ಮೊರ ಕಾಯಿ ಕೊಡ್ತೀವಿ."

ನರ್ಸರಿಗೆ ಹೋಗಿ ಹಾಗೆಯೇ ಹೇಳಿದೆ. ಸಿದ್ದಮ್ಮ ಕೊನೆಯ ಸಾಲಿಗೆ ನೀರು ಹಾಕಿ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಹೊರಟಳು. ಹಟ್ಟಿ ಬಿಡುವ ಮಾತು ಮತ್ತೆ ಆಡಲಿಲ್ಲ.

ಮುಂದಿನ ವರ್ಷ ಕಾಯಿ ಉದುರುವ ಕಾಲಕ್ಕೇ ನನ್ನ ನಿವೃತ್ತಿ. ಕೊನೆಯ ದಿನ ಗುಡ್ಡ ಹತ್ತಿದೆ. ಕೂಗು ಮೇಲೇರಿ ಸಿದ್ದಮ್ಮನಲ್ಲಿ ಮುಗಿಯಿತು. ಮತ್ತೆ ಕೆಳಗಿನಿಂದ ಶುರುವಾಗಬೇಕಿತ್ತು, ಆಗಲಿಲ್ಲ. ಏನಾಯಿತೋ ಎಂದು ಗಾಬರಿಯಾದೆ.

"ಗಾರ್ಡಣ್ಣ, ನಿನ್ ಸರದಿ ಕಣಪ್ಪ" ಎಂದಳು ಸಿದ್ದಮ್ಮ ಮೇಲಿನಿಂದ.

ಯೂನಿಫಾರ್ಮ್ ಹಾಕಿಕೊಂಡು ಕೂಗುವುದೇ ಎಂದು ನಾಚಿಕೆಯಾಯಿತು. ಆದರೂ ಕೂಗಿದೆ. ಕೆಳಗಿನ ಮರದಿಂದ ಮತ್ತೆ ಕೂಗು ಶುರುವಾಯಿತು.

ಈಗ ಕಡೂರಿನ ಸ್ಟೇಷನ್ ಹತ್ತಿರ ಒಂದು ಕೋಣೆಯಲ್ಲಿದ್ದೇನೆ. ಕಾಡಿನಿಂದ ಬಡವರಿಗೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಅಂಟುವಾಳದ ವಿಷಯ ಹೇಳುತ್ತೇನೆ, ಆಮೇಲೆ ಆ ಕೂಗಿನದು. ಎರಡನ್ನೂ ಒಟ್ಟಿಗೆ ಕಾಯಬೇಕು ಎಂಬುದೇ ನನ್ನ ಕೆಲಸ ನನಗೆ ಕಲಿಸಿದ್ದು. ಬೆಳಗಾಗುತ್ತಲೇ ಇಲ್ಲಿ ರೈಲು ಕೂಗುತ್ತದೆ. ಅದು ಯಾರ ಉತ್ತರಕ್ಕೂ ಕಾಯುವುದಿಲ್ಲ.