ಬೂತಾಯಿಯ ಶವಯಾತ್ರೆ

ಕಳೆದ ಭಾನುವಾರ ಮನೆಯ ಹಿಂದೆ ಕೆಂಡದ ಮೇಲೆ ಬೂತಾಯಿ ಸುಡುತ್ತಿದ್ದಾಗ ಒಂದು ಮೀನು ಜಾಲರಿಯಿಂದ ಜಾರಿ ಕೆಂಡದೊಳಗೆ ಬಿತ್ತು. ಬೆಂಕಿ ಹಚ್ಚಲು ಇಟ್ಟಿದ್ದ ರಟ್ಟಿನ ಚೂರು ಇನ್ನೂ ಉರಿಯುತ್ತಿತ್ತು. ಮೀನೆಣ್ಣೆಯ ವಾಸನೆ, ಸುಟ್ಟ ರಟ್ಟಿನ ವಾಸನೆ ಎರಡೂ ಒಟ್ಟಿಗೆ ಎದ್ದವು. ನಾನು ಇಕ್ಕಳ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾಸನೆಯನ್ನು ಹಿಂದೆ ಒಂದೇ ಕಡೆ ಮಾತ್ರ ಮೂಸಿದ್ದೆ... ಸೌದಿಯಲ್ಲಿ, ಅಲ್ ಅಹ್ಸಾದಲ್ಲಿ.

ಅಲ್ಲಿ ನೀರಿನ ಕೊಳವೆ ಹಾಕುವ ಸ್ಪೇನಿನ ಕಂಪೆನಿಯೊಂದರ ಕಚೇರಿಯಲ್ಲಿ ನಾನಿದ್ದೆ. ಎಲ್ಲರ ಇಕಾಮಾ ಎಂಬ ವಾಸದ ಪರವಾನಗಿ, ಪಾಸ್‌ಪೋರ್ಟು, ರಜೆಯ ಕಾಗದ ನನ್ನ ಮೇಜಿನ ಮೇಲಿಂದಲೇ ಹೋಗಬೇಕು. ನಾವೆಲ್ಲ ಖರ್ಜೂರದ ತೋಟದ ಪಕ್ಕದ ಕ್ಯಾಂಪಿನಲ್ಲಿ ವಾಸ. ನನ್ನ ಪಕ್ಕದ ಕೋಣೆಯಲ್ಲಿ ಕಂಪೆನಿಯ ಸರ್ವೇಯರ್ ಇದ್ದರು. ಅರವತ್ತರ ಹತ್ತಿರದ ಸ್ಪೇನಿನವರು, ಎತ್ತರದ ಆಳು, ಎಡಗಾಲು ಸ್ವಲ್ಪ ಎಳೆಯುತ್ತಿದ್ದರು.

ಶುಕ್ರವಾರ ನಾನು ಬೂತಾಯಿ ಎಣ್ಣೆಯಲ್ಲಿ ಕಾಯಿಸಿದರೆ ಒಂದು ಪಾಲು ಅವರಿಗೆ. ಅವರು ತಟ್ಟೆಯನ್ನು ಫೋನಿನ ಮುಂದೆ ಹಿಡಿದು ಊರಿನಲ್ಲಿದ್ದ ಹೆಂಡತಿಗೆ ತೋರಿಸುತ್ತಿದ್ದರು. ಆಕೆ ಏನೋ ಹೇಳಿ ನಗುತ್ತಿದ್ದರು. "ನೀನು ಮಸಾಲೆ ಹಾಕಿ ಮೀನನ್ನು ಅಡಗಿಸಿಟ್ಟಿದ್ದೀ ಅಂತಾಳೆ," ಎಂದು ಇವರು ಇಂಗ್ಲಿಷಿನಲ್ಲಿ ನನಗೆ ತಿಳಿಸುತ್ತಿದ್ದರು.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ಸ್ಪೇನಿನವರು ಕ್ಯಾಂಪಿನೊಳಗೇ ತಮ್ಮ ಕಾರ್ನಿವಲ್ ಮಾಡುತ್ತಿದ್ದರು. ಅದರ ಕೊನೆ ವಿಭೂತಿ ಬುಧವಾರದ ಸಂಜೆ. ರಟ್ಟಿನ ದೊಡ್ಡ ಬೂತಾಯಿ ಮಾಡಿ, ಅದರ ಹೊಟ್ಟೆಯಲ್ಲಿ ನಿಜವಾದ ಮೀನೊಂದನ್ನಿಟ್ಟು, ಚಟ್ಟಕ್ಕೇರಿಸಿ ಅಳುತ್ತಾ ಮೆರವಣಿಗೆ ಮಾಡಿ ಸುಡುವುದು. ಅಳುವುದೆಲ್ಲ ನಗಿಸಲಿಕ್ಕೆ. ಮಂಗಳೂರಿನ ಇಗರ್ಜಿಯಲ್ಲಿ ಆ ದಿನ ಮೊಣಕಾಲೂರಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬೆಳೆದ ನನಗೆ ಇದು ಸರಿ ಕಾಣುತ್ತಿರಲಿಲ್ಲ. ಮೀನಿನ ವಿಧವೆಯ ಪಾತ್ರ ಯಾವಾಗಲೂ ಸರ್ವೇಯರರದ್ದೇ. ಕಪ್ಪು ನಿಲುವಂಗಿ, ಕಪ್ಪು ಮುಸುಕು. ಅವರ ಊರಿನಲ್ಲೂ ಗಂಡಸರೇ ಆ ವೇಷ ಹಾಕುವುದಂತೆ.

ಒಂದು ವರ್ಷ ಆ ಬುಧವಾರ ಮಧ್ಯಾಹ್ನ ಅವರು ನನ್ನ ಮೇಜಿನ ಎದುರು ಬಂದು ನಿಂತರು. ಬೆಳಿಗ್ಗೆ ಹೆಂಡತಿ ತೀರಿಕೊಂಡಿದ್ದರು, ನಿಂತ ನಿಲುವಿನಲ್ಲೇ. ನಾಳೆಯೇ ಮಣ್ಣು. "ಇವತ್ತೇ ಹೊರಡಬೇಕು," ಎಂದರು.

ಅವರ ಇಕಾಮಾದ ಅವಧಿ ಮುಗಿದಿತ್ತು. ನವೀಕರಿಸದೆ ದೇಶ ಬಿಟ್ಟು ಹೋಗುವ ಪರವಾನಗಿ ಸಿಗದು. ನವೀಕರಿಸಲು ಬೇಕಿದ್ದ ವೈದ್ಯಕೀಯ ಕಾಗದವನ್ನು ಅವರು ಕೊಟ್ಟು ಮೂರು ವಾರವಾಗಿತ್ತು. ಅದು ನನ್ನ ಡ್ರಾಯರಿನಲ್ಲಿತ್ತು. ತಂಗಿಯ ಮದುವೆಗೆ ಊರಿಗೆ ಹೋಗುವ ಗಡಿಬಿಡಿಯಲ್ಲಿ ಅಲ್ಲಿಟ್ಟು ಮರೆತಿದ್ದೆ. ಡ್ರಾಯರ್ ಎಳೆದೆ, ಕಾಗದ ಕಂಡಿತು, ಮುಚ್ಚಿದೆ. ಸರಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಮಂದೂಬನಿಗೆ ಫೋನ್ ಮಾಡಿದೆ. ಎಷ್ಟು ಓಡಿದರೂ ಮೂರು ದಿನ ಬೇಕು ಎಂದ.

"ಸಿಸ್ಟಂನಲ್ಲಿ ತಡವಾಗಿದೆ," ಎಂದೆ ನಾನು.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, "ಅವಳು ಹೋದದ್ದನ್ನು ಯಾರಿಗೂ ಹೇಳಬೇಡ. ಸಂಜೆ ಮೀನಿನ ಚಟ್ಟದ ಮುಂದಿನ ತುದಿಗೆ ನೀನು ಹೆಗಲು ಕೊಡು," ಎಂದರು.

ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ನಮಾಜು ಮುಗಿದ ಮೇಲೆ ಕ್ಯಾಂಪಿನ ಗೇಟು ಮುಚ್ಚಿದರು. ಹೊರಗೆ ಸದ್ದು ಕೇಳಬಾರದೆಂದು ಡೋಲು, ತುತ್ತೂರಿ ಏನೂ ಇಲ್ಲ. ಎಲ್ಲರೂ ಹಳೆಯ ನಕ್ಷೆಗಳ ಬೆನ್ನಿನಿಂದ ಕತ್ತರಿಸಿದ ಒಂದೇ ತರದ ಬಿಳಿ ಮುಖವಾಡ ಹಾಕಿದ್ದರು. ಕಣ್ಣಿಗೆ ಎರಡು ತೂತು, ಬಾಯಿಯೇ ಇಲ್ಲ. ದಿನವೂ ಜೊತೆಗೆ ಉಣ್ಣುವವರಲ್ಲಿ ಒಬ್ಬರ ಗುರುತೂ ನನಗೆ ಹತ್ತಲಿಲ್ಲ. ಮರಳಿನ ಮೇಲೆ ಹೆಜ್ಜೆಯ ಸದ್ದು ಮಾತ್ರ. ಚಟ್ಟದ ಮುಂದೆ ನನ್ನ ಪಕ್ಕ ಹೆಗಲು ಕೊಟ್ಟವನೊಬ್ಬ ಮಾತ್ರ ಆಮೇಲೆ ದನಿಯಿಂದ ಗೊತ್ತಾದ, ಉಪ್ಪಿನಂಗಡಿಯ ಬ್ಯಾರಿ, ನಮ್ಮ ಬಸ್ ಡ್ರೈವರ್.

ಮುಸುಕಿನೊಳಗಿಂದ ಸರ್ವೇಯರರ ಅಳು ಶುರುವಾಯಿತು. ಜನ ನಕ್ಕರು. ಅವರು ಎದೆ ಬಡಿದುಕೊಂಡು ಒಂದು ಹೆಸರು ಕರೆದರು. ಇನ್ನೂ ನಕ್ಕರು. ಅದು ಆಕೆಯ ಹೆಸರೆಂದು ನನಗೆ ಗೊತ್ತಿತ್ತು, ಅವರ ಫೈಲಿನಲ್ಲಿ ನಾನೇ ಬರೆದಿದ್ದೆ. ಮತ್ತೆ ಕರೆದರು. ಮತ್ತೆ... ಎಷ್ಟನೆಯ ಸಲವೋ, ಒಬ್ಬೊಬ್ಬರ ನಗುವೂ ನಿಂತಿತು. ಯಾಕೆ ನಿಲ್ಲಿಸಿದೆವೆಂದು ನಕ್ಕವರಿಗೂ ಗೊತ್ತಿರಲಿಕ್ಕಿಲ್ಲ. ಆ ಬಾಯಿಯಿಲ್ಲದ ಮುಖಗಳೆಲ್ಲ ಸರ್ವೇಯರರ ಕಡೆಗೇ ತಿರುಗಿ ನಿಂತವು. ಅಳು ಒಂದೇ ಸಮನೆ ನಡೆದಿತ್ತು, ಎಳೆಯುವ ಕಾಲಿನ ತಾಳಕ್ಕೆ ಸರಿಯಾಗಿ. ತೋಟದ ಕಡೆ ನಾಯಿಗಳು ಕೂಡ ಸುಮ್ಮನಾಗಿದ್ದವು.

ಡ್ರೈವರ್ ಮೆಲ್ಲಗೆ ಕೇಳಿದ, "ಎಂತ ಮಾರಾಯ ಇದು? ಇವರು ಆಟಕ್ಕೆ ಅಳುವುದಾ, ಅಲ್ಲ ನಿಜಕ್ಕಾ?"

"ನಡಿ," ಎಂದೆ. ನನ್ನ ಹೆಗಲಿನ ಮೇಲಿದ್ದ ರಟ್ಟಿನ ಮೀನು ಆಳಿನಷ್ಟು ಭಾರವಾಗಿತ್ತು. ಹಾಗೆಂದರೆ ಯಾರು ನಂಬುತ್ತಾರೆ...

ಮೀನು ಸುಟ್ಟುಹೋಯಿತು. ಜನ ಚದುರಿದರು. ಅವರು ಮುಸುಕು ತೆಗೆಯದೆ ಬೂದಿ ಆರುವವರೆಗೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೊನೆಗೆ ಎದ್ದು ನನ್ನ ಹತ್ತಿರ ಬಂದು, ನನ್ನ ಮುಖವಾಡವನ್ನು ಮೇಲೆ ಸರಿಸಿ, ಹಣೆಯ ಮೇಲೆ ಹೆಬ್ಬೆರಳಿನಿಂದ ಬೂದಿಯ ಶಿಲುಬೆ ಎಳೆದರು. ಕಪ್ಪು ಬಟ್ಟೆಯ ಹಿಂದೆ ಕಣ್ಣು ಕಾಣಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

ಮರುದಿನ ಅವರ ಕೋಣೆಗೆ ಹೋಗಿ ಕಾಗದದ ವಿಷಯ ಹೇಳಿಬಿಟ್ಟೆ. ಅವರು ಶರ್ಟು ಮಡಚುತ್ತಿದ್ದರು.

"ಗೊತ್ತು. ನೀನು ಡ್ರಾಯರ್ ತೆಗೆದು ಮುಚ್ಚಿದ್ದನ್ನು ನೋಡಿದೆ," ಎಂದರು. "ಅದಕ್ಕೇ ನಿನಗೆ ಹೆಗಲು ಕೊಡಲು ಹೇಳಿದೆ. ಅಲ್ಲಿ ಅವಳನ್ನು ಹೊರಲು ನಾನಿಲ್ಲ. ಇಲ್ಲಿಯಾದರೂ ಗೊತ್ತಿದ್ದವನೊಬ್ಬ ಹೊರಬೇಕಿತ್ತು."

ಸಿಟ್ಟಿರಲಿಲ್ಲ, ದಯೆಯೂ ಇರಲಿಲ್ಲ ಆ ಮಾತಿನಲ್ಲಿ. ಶನಿವಾರ ಪರವಾನಗಿ ಬಂತು, ಅವರು ಹೊರಟರು. ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ, ಅವರೂ ತೀರಿಹೋದರೆಂದು ಯಾರೋ ಕ್ಯಾಂಟೀನಿನಲ್ಲಿ ಹೇಳಿದರು. ಅವರ ಊರಿನ ವಿಳಾಸ ನನ್ನ ಬಳಿ ಇತ್ತು. ಒಂದು ಪತ್ರ ಬರೆಯಬಹುದಿತ್ತು. ನಾಳೆ, ನಾಡಿದ್ದು ಅನ್ನುತ್ತಲೇ ಇದ್ದೆ...

ಭಾನುವಾರ ಮೆಟ್ಟಿಲ ಮೇಲೆ ಇದನ್ನೆಲ್ಲ ಹೆಂಡತಿಗೆ ಮೊದಲ ಸಲ ಹೇಳಿದೆ. ಅವಳು ಕೆಂಡದಲ್ಲಿ ಬಿದ್ದ ಮೀನನ್ನು ಇಕ್ಕಳದಿಂದ ತೆಗೆದಿಟ್ಟು, "ಅವರು ನಿಮ್ಮನ್ನು ಕ್ಷಮಿಸಿದ್ರಾ?" ಎಂದಳು.

ನಾನು ಅವರನ್ನು ಅದೊಂದನ್ನು ಕೇಳಿರಲೇ ಇಲ್ಲ. ಈಗ ಕೇಳಲು ಅವರಿಲ್ಲ.