ಪೇರಲದ ಕಾಕ್‌ಟೇಲ್ ಮಾಡಿದವಳು

ವಿಶಾಖಪಟ್ಟಣದಲ್ಲಿದ್ದಷ್ಟು ದಿನ ನನಗೂ ನನ್ನ ಗಂಡನಿಗೂ ಶನಿವಾರ ಸಂಜೆ ಸಮುದ್ರದ ದಂಡೆಯ ಬಾರೊಂದರಲ್ಲಿ ಖಾಯಂ ಟೇಬಲ್ ಇತ್ತು. ನಾನು ಮಧುರವಾಡದ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ, ಅವರು ದುವ್ವಾಡದ ಕಡೆಯ ಕಾರ್ಖಾನೆಯಲ್ಲಿ ಎಂಜಿನಿಯರ್. ಇಬ್ಬರೂ ಹುಬ್ಬಳ್ಳಿಯವರು. ಇಬ್ಬರ ಮುಂದೆಯೂ ಒಂದೇ ಥರದ ಗ್ಲಾಸು ಬಂದು ಕೂರುತ್ತಿತ್ತು: ಕೆಂಪು ಪೇರಲ ಹಣ್ಣಿನ ರಸ, ಜಿನ್, ನಿಂಬೆ, ಗ್ಲಾಸಿನ ಅಂಚಿಗೆ ಮೆತ್ತಿದ ಖಾರದ ಉಪ್ಪು. ಆ ಬಾರಿನಲ್ಲಿ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ. ಅಷ್ಟೇ ಸಾಕಾಗಿತ್ತು ನನಗೆ.

ಆಮೇಲೆ ನನ್ನನ್ನು ವಿಜಯವಾಡಕ್ಕೆ ಎತ್ತಿ ಹಾಕಿದರು. ಶಾಖೆ ಗವರ್ನರ್‌ಪೇಟೆಯ ಗದ್ದಲದ ನಡುವೆ, ಮನೆ ಅಲ್ಲಿಂದ ಆಟೋ ದೂರದಲ್ಲಿ. ಗಂಡ ವಿಶಾಖಪಟ್ಟಣದಲ್ಲೇ ಉಳಿದರು, ಶನಿವಾರ ರೈಲು ಹತ್ತಿ ಬರುತ್ತಾರೆ. ಇಲ್ಲಿ ನನ್ನ ಓಡಾಟದ ದಾರಿಯಲ್ಲಿ ಕಂಡ ಬಾರುಗಳಿಗೆಲ್ಲ ಕಪ್ಪು ಗಾಜು, ಒಳಗೆ ಬರೀ ಗಂಡಸರು. ಹಾಳಾಗಿ ಹೋಗಲಿ, ಮನೆಯಲ್ಲೇ ಮಾಡಿಕೊಂಡರಾಯಿತು ಎಂದುಕೊಂಡೆ.

ಜಿನ್ ತರಲು ಅಂಗಡಿಗೆ ನಾನೇ ಹೋದೆ. ಸಾಲಿನಲ್ಲಿದ್ದವರು ದಾರಿ ಬಿಟ್ಟ ರೀತಿಯಲ್ಲಿ ಮರ್ಯಾದೆಗಿಂತ ಗಾಬರಿಯೇ ಹೆಚ್ಚಿತ್ತು. ಅಂಗಡಿಯವನು ಬಾಟಲಿಯನ್ನು ಪೇಪರಿನಲ್ಲಿ ಸುತ್ತುತ್ತ, "ಸಾರ್‌ಕೇನಾ ಮೇಡಮ್?" ಎಂದ. ಸಾಹೇಬರಿಗೆ ತಾನೇ ಎಂದು. "ಕಾದು, ನಾಕೇ," ಎಂದೆ. ಅಲ್ಲ, ನನಗೇ ಎಂದು ಅವನ ಭಾಷೆಯಲ್ಲೇ ಹೇಳಿದರೂ ಅವನು ತಲೆ ಎತ್ತಲಿಲ್ಲ. ಮನೆ ಮುಟ್ಟುವವರೆಗೆ ಮೈಯೆಲ್ಲ ಉರಿಯುತ್ತಿತ್ತು.

ಡಬ್ಬಿಯ ಪೇರಲ ರಸ ಪಾನಕದ ಹಾಗೆ ಸಿಹಿ. ಹಣ್ಣನ್ನೇ ಮಿಕ್ಸಿಗೆ ಹಾಕಿದರೆ ಬೀಜ ಹಲ್ಲಿಗೆ ಸಿಕ್ಕವು. ಕೊನೆಗೆ ಹಣ್ಣನ್ನು ಬೇಯಿಸಿ, ಕಿವುಚಿ, ಹುಣಸೆ ರಸ ಸೋಸುವ ಹಾಗೆ ಸೋಸಿದೆ. ರಸ ಒಲಿಯಿತು, ಉಪ್ಪು ಒಲಿಯಲಿಲ್ಲ. ಮೆಣಸಿನ ಪುಡಿ ಬೆರೆಸಿದರೆ ಬರೀ ಖಾರ. ಆ ಬಾರಿನ ಉಪ್ಪಿನಲ್ಲಿ ಒಂದು ಹುಳಿ ಇತ್ತು, ಸ್ವಲ್ಪ ಸುಟ್ಟ ವಾಸನೆಯೂ ಇತ್ತು. ಅದೇನೆಂದು ವಾರಗಟ್ಟಲೆ ತಲೆ ಕೆರೆದುಕೊಂಡೆ. ಒಂದು ದಿನ ಮೊಸರನ್ನಕ್ಕೆ ನಂಚಿಕೊಳ್ಳಲೆಂದು ಬಾಳಕ ಕರಿದೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಅದೇ ಮೆಣಸಿನಕಾಯಿ, ಅವ್ವ ಊರಿಂದ ಕಳಿಸುವಂಥದ್ದು. ಕಡಿದ ಕೂಡಲೇ ಗೊತ್ತಾಯಿತು. ಕರಿದದ್ದನ್ನು ಉಪ್ಪಿನ ಜೊತೆ ಕುಟ್ಟಿ ಗ್ಲಾಸಿನ ಅಂಚಿಗೆ ಹಚ್ಚಿದೆ. ಒಂದು ಗುಟುಕು ಕುಡಿದು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಪರೀಕ್ಷೆ ಪಾಸಾದಾಗಲೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ವಿಜಯವಾಡದಲ್ಲಿ ವರ್ಗವಾಗಿ ಬಂದ ನಮ್ಮ ಕಡೆಯ ಬ್ಯಾಂಕಿನವರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಭಾನುವಾರದ ಊಟಕ್ಕೆ ಸೇರುವುದುಂಟು. ಗಂಡಸರು ಹಾಲ್‌ನಲ್ಲಿ, ಹೆಂಗಸರು ಅಡುಗೆಮನೆಯಲ್ಲಿ. ನಮ್ಮ ಸರದಿ ಬಂದ ಭಾನುವಾರ ಈ ಕಾಕ್‌ಟೇಲ್ ಎಲ್ಲರಿಗೂ ಕೊಡೋಣವೆಂದು ಗಂಡನೇ ಹುರುಪುಗೊಂಡರು. ನಾನು ಬೆಳಿಗ್ಗೆಯಿಂದ ಹಣ್ಣು ಸೋಸಿದೆ. ಅತಿಥಿಗಳು ಲಿಫ್ಟಿನಲ್ಲಿ ಬರುತ್ತಿರುವಾಗ ಗಂಡ ಮೆಲ್ಲಗೆ ಹೇಳಿದರು, ಇವತ್ತೊಂದು ದಿನ ನೀನು ಗ್ಲಾಸು ಹಿಡಿಯಬೇಡ, ಹಿರಿಯ ಮ್ಯಾನೇಜರರ ಹೆಂಡತಿ ನಮ್ಮ ಅವ್ವನ ಓಣಿಯವಳು, ಸುದ್ದಿ ಊರು ಮುಟ್ಟುತ್ತದೆ ಎಂದು. ಬಾಗಿಲಲ್ಲಿ ಜಗಳ ಬೇಡವೆಂದು ನುಂಗಿಕೊಂಡೆ. ಕುಡಿಯದಿದ್ದರೇನಂತೆ, ಮಾಡಿದವಳು ನಾನೆಂದು ಹೇಳೇ ಹೇಳುತ್ತಾರೆ ಎಂಬ ನಂಬಿಕೆ ಇತ್ತು.

ಟ್ರೇ ಹಿಡಿದು ಹೋದವರು ಅವರು. ಹಾಲ್‌ನಿಂದ ಹಿರಿಯ ಮ್ಯಾನೇಜರರ ದನಿ ಕೇಳಿಸಿತು: "ಏನ್ ಕೈರೀ ನಿಮ್ದು. ನೌಕರಿ ಬಿಟ್ಟು ಇದನ್ನ ಶುರು ಮಾಡ್ರಿ." ನನ್ನ ಗಂಡ ನಕ್ಕು, ಹಿಂಗೇ ಮಾಡಿ ನೋಡುತ್ತ ಕಲಿತೆ ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ಮ್ಯಾನೇಜರರ ಹೆಂಡತಿ ನನ್ನ ಭುಜ ಸವರಿ, ನಿಮ್ಮನೆಯವರು ಕುಡಿಯುತ್ತಾರೆಂದು ಗೊತ್ತಿರಲಿಲ್ಲ, ಪಾಪ, ಹೇಗೆ ಸಂಭಾಳಿಸುತ್ತೀರೋ ಎಂದು ಮರುಗಿದಳು. ನನ್ನ ಬಗ್ಗೆ ಮರುಕ, ನನ್ನದೇ ಅಡುಗೆಮನೆಯಲ್ಲಿ ನಿಂತು.

ಭಜಿಯ ತಟ್ಟೆ ಎತ್ತಿಕೊಂಡು ನೇರ ಹಾಲ್‌ಗೆ ಹೋದೆ. "ಅದನ್ನ ನಾ ಮಾಡೀನ್ರೀ ಸರ್," ಎಂದೆ. ಮ್ಯಾನೇಜರರು, ಹೌದು ಹೌದು, ಮನೆಯವರ ಸಹಾಯವಿಲ್ಲದೆ ಯಾವುದಾಗುತ್ತದೆ ಎಂದು ಭಜಿಗೆ ಕೈ ಹಾಕಿದರು. ನಾನು ಗಂಡನ ಮುಖ ನೋಡಿದೆ. ಒಂದು ಮಾತು ಸಾಕಿತ್ತು.

"ಹೌದ್ರಿ," ಎಂದರು ಅವರು, "ಹಣ್ಣು ಸೋಸಿ ಕೊಟ್ಟಾಳ ಆಕಿ."

ಹಣ್ಣು ಸೋಸಿ ಕೊಟ್ಟಳಂತೆ. ಇಂದಿಗೂ ಆ ಮಾತು ನೆನೆದರೆ ರಕ್ತ ಕುದಿಯುತ್ತದೆ. ಗುರುತಿಲ್ಲದ ತೆಲುಗರ ನಡುವೆ ನನ್ನ ಗ್ಲಾಸಿಗೆ ಗ್ಲಾಸು ತಾಗಿಸುತ್ತಿದ್ದ ಮನುಷ್ಯ, ನಮ್ಮವರು ನಾಲ್ಕು ಜನ ಸೇರಿದ ಕೂಡಲೇ ನನ್ನನ್ನು ಸಾಣಿಗೆ ಹಿಡಿಯುವವಳನ್ನಾಗಿ ಮಾಡಿದರು. ಊಟ ಬಡಿಸಿದೆ, ಎಲೆ ಅಡಿಕೆ ಕೊಟ್ಟೆ, ಎಲ್ಲರನ್ನೂ ನಗುನಗುತ್ತ ಕಳಿಸಿದೆ. ಗಂಡ ಸಂಜೆಯ ರೈಲು ಹಿಡಿಯುವವರೆಗೂ ನನ್ನ ಮುಖ ನೋಡಲಿಲ್ಲ.

ಮುಂದಿನ ಶನಿವಾರ ಬಂದವರೇ ಬಾಗಿಲ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದರು. ಮುಖದ ತುಂಬ ನಗು. "ಇವತ್ತ್ ಯಾರೂ ಇಲ್ಲ. ಎರಡು ಗ್ಲಾಸ್ ಮಾಡು. ಖರೇ ಹೇಳ್ತೀನಿ, ನಿನ್ನ ಕೈ ರುಚಿ ಆ ಬಾರಿನವಂಗೂ ಇಲ್ಲ."

ಕೊನೆಗೂ ಬಂತು ಹೊಗಳಿಕೆ, ಚಿಲಕ ಹಾಕಿದ ಮೇಲೆ. ನಾನು ಒಂದೇ ಗ್ಲಾಸು ಮಾಡಿದೆ. ಅದನ್ನು ಹಿಡಿದುಕೊಂಡು ಹಾಲ್‌ನಲ್ಲಿ ಮ್ಯಾನೇಜರರು ಕೂತಿದ್ದ ಕುರ್ಚಿಯಲ್ಲೇ ಕೂತೆ. "ನನಗ?" ಎಂದು ಕೇಳಿದರು ಅವರು.

"ಸಾಮಾನೆಲ್ಲಾ ಅಡಿಗಿಮನಿ ಕಟ್ಟಿ ಮ್ಯಾಲೆ ಐತ್ರಿ," ಎಂದೆ. "ನೀವು ಭಾಳ ಚಲೋ ಮಾಡ್ತೀರಂತ. ಮಾಡ್ಕೋರಿ."

ಸುಮಾರು ಹೊತ್ತು ಅಡುಗೆಮನೆಯಿಂದ ಡಬ್ಬಿ ತೆಗೆದು ಮುಚ್ಚುವ ಸದ್ದು ಬಂತು. ಆಮೇಲೆ ಕೈಯಲ್ಲಿ ಪೇರಲ ಹಣ್ಣು ಹಿಡಿದು ಬಾಗಿಲಿಗೆ ಬಂದರು, ಸಿಪ್ಪೆ ತೆಗೆಯಬೇಕೋ ಬೇಡವೋ ಎಂದು ಕೇಳಿದರು. ನಾನು ಅಂಚಿನ ಉಪ್ಪು ನೆಕ್ಕಿ ಇನ್ನೊಂದು ಗುಟುಕು ಕುಡಿದೆ.